ಕೆಂಪು ಬಳೆ

ಇಲ್ಲಿ ನಿಧಾನ ಮಾಡುತ್ತೇನೆ. ಪ್ರತಿ ಸಲ ಯಾರಾದರೂ ಕೇಳುತ್ತಾರೆ,
ಪೆಟ್ರೋಲ್ ಮುಗೀತೇನ್ರೀ?
ಇಲ್ಲ, ಕೆಳಗ ಓಣಿ ಐತಿ, ಅನ್ನುತ್ತೇನೆ.
ನಗುತ್ತಾರೆ.

ಹಿನ್ನೀರು ಹಾಸಿದ ಜಮಖಾನೆಯಷ್ಟು ಸಪಾಟು.
ಗೇಟು ಮುಚ್ಚಿದ ಭಾದ್ರಪದದಲ್ಲಿ
ಹಳೇ ಬಾಗಲಕೋಟೆ ಇಪ್ಪತ್ತಡಿ ಆಳ,
ಮಾಘಕ್ಕೆ ಹತ್ತು, ಹೋಳಿಗೆ ಮೂರು.
ಗೋಡೆ ಏರುವುದಿಲ್ಲ, ನೀರು ಇಳಿಯುತ್ತದೆ ಅಷ್ಟೇ.
ಅದು ಬೋಟಿನ ಮೂತಿಗೆ ಗೊತ್ತಿಲ್ಲ.

ಜೋರು ಕೊಟ್ಟರೆ ಮೂತಿ ಎದ್ದು ಆಕಾಶ ನೋಡುತ್ತದೆ,
ಮುಂದಿನ ನೀರು ಕಾಣುವುದೇ ಇಲ್ಲ ಆ ನಾಲ್ಕು ಕ್ಷಣ.
ಆಮೇಲೆ ಹೊಟ್ಟೆ ಹಗುರಾಗಿ ಜಾರತೊಡಗುತ್ತದೆ.
ಸುಳ್ಳು ಯಾಕೆ ಹೇಳಲಿ, ಆ ಜಾರು ನನಗೂ ಹುಚ್ಚು,
ಮೊಣಕಾಲಿನ ನೋವು, ಮಗಳ ಫೀಸು
ಎಲ್ಲ ಹಿಂದಿನ ನೊರೆಯಲ್ಲಿ.
ಆದರೆ ನೀರಿಗೆ ಎಲ್ಲಿಯ ಬ್ರೇಕು?
ಕೈ ತೆಗೆದ ಮೇಲೂ ಅರ್ಧ ಬಜಾರದಷ್ಟು ದೂರ
ಹೋಗಿಯೇ ನಿಲ್ಲುವುದು.

ಅಪ್ಪ ಮನಿಯಾರ. ಬಳೆ ಅಂಗಡಿ ಇದ್ದದ್ದು ಆ ಓಣಿಯಲ್ಲೇ.
ಹೆಣ್ಣುಮಕ್ಕಳ ಮುಷ್ಟಿ ಹಿಚುಕಿ ಹಿಚುಕಿ
ಎಲುಬನ್ನೇ ಮೆತ್ತಗೆ ಮಾಡುವವನು:
ಸಡ್ಲ ಬಿಡವಾ. ಅವಸರಾ ಮಾಡಿದ್ರ ಗಾಜು ಕೇಳೂದಿಲ್ಲ.

ಇಳಕಲ್ಲಿನ ಗ್ರಾನೈಟ್ ಮನೆತನದ ಶ್ರೇಣಿಕ
ಸ್ವಂತ ಬೋಟು ತಂದ. ನೂರಾ ಐವತ್ತು ಕುದುರೆ,
ಸೀಟಿನ ಪ್ಲಾಸ್ಟಿಕ್ಕು ಇನ್ನೂ ಹರಿದಿರಲಿಲ್ಲ.
ಕೆಂಪು ಸುರುಳಿ ದಾರ ತೋರಿಸಿ ಹೇಳಿದೆ,
ಇದನ್ನ ಮುಂಗೈಗೆ ಹಾಕ್ಕೋರಿ,
ನೀವು ಬಿದ್ರ ಇಂಜಿನ್ನೂ ನಿಂದರ್ತದ.
ನಾ ಯಾಕ್ ಬೀಳ್ಲಿ? ಅಂದ.
ಜಾಕೆಟ್ಟು ಮಾತ್ರ ಹಾಕಿದ್ದ, ಫೋಟೊಕ್ಕೆ ಚಂದ ಕಾಣುತ್ತದೆಂದು.

ಸಂಜೆ. ಇಪ್ಪತ್ತು ವರ್ಷ ನೆನೆದೂ ಕೊಳೆಯದ ಬೇವಿನ ಬೊಡ್ಡೆ.
ಸದ್ದು ಸಣ್ಣದು, ತೆಂಗಿನಕಾಯಿ ಒಡೆದಷ್ಟು.
ಅವನು ನೀರಿಗೆ. ಬೋಟು ನಿಲ್ಲಲಿಲ್ಲ.
ಯಾರೂ ಹಿಡಿಯದ ಸ್ಟಿಯರಿಂಗು ಒಂದೇ ಕಡೆ ವಾಲಿ
ಸುತ್ತತೊಡಗಿತು, ಕಣದಲ್ಲಿ ಎತ್ತು ಸುತ್ತಿದ ಹಾಗೆ,
ಮೇಟಿಯ ಜಾಗದಲ್ಲಿ ಅವನ ತಲೆ.
ಪ್ರತಿ ಸುತ್ತಿಗೂ ಸುತ್ತು ಕಿರಿದು.
ನನ್ನ ಬೋಟು ಹತ್ತಿರ ಒಯ್ಯುವ ಧೈರ್ಯವಾಗಲಿಲ್ಲ.
ಕೂಗಿದೆ. ನೀರಿನ ಮೇಲೆ ಕೂಗು ಬಹಳ ದೂರ ಹೋಗುತ್ತದೆ,
ಕೆಲಸಕ್ಕೆ ಬರುವುದಿಲ್ಲ.

ಬಾರಕೇರ ಹುಲಿಗೆವ್ವ ಬಲೆ ಎಳೆಯುತ್ತಿದ್ದಳು.
ನಮ್ಮ ಅಲೆಗೆ ಅವಳ ಹರಗೋಲು
ಎಷ್ಟು ಸಲ ಬುಗುರಿಯಾಗಿಲ್ಲ, ಎಷ್ಟು ಸಲ ಅವಳು
ಅಪ್ಪನ ಹೆಸರು ಹಿಡಿದು ನನ್ನನ್ನು ಬೈದಿಲ್ಲ.
ಎರಡು ಹುಟ್ಟು ಹಾಕಿ ಬಂದಳು. ನಿಂತಳು. ಎಣಿಸಿದಳು.
ಒಂದು ಸುತ್ತು ಬಿಟ್ಟಳು, ಇನ್ನೊಂದು ಬಿಟ್ಟಳು,
ಮೂರನೆಯದಕ್ಕೆ ಇಡೀ ಬಲೆ ಅದರ ದಾರಿಗೆ ಚೆಲ್ಲಿದಳು.

ಫ್ಯಾನು ಕಚ್ಚಿತು, ನುಂಗಿತು, ಕೆಮ್ಮಿತು, ಸತ್ತಿತು.
ಆಮೇಲೆ ಕೊಕ್ಕರೆಗಳು ಕೇಳಿಸಿದವು.

ಎಳೆದು ಹಾಕಿದಾಗ ಶ್ರೇಣಿಕನ ಕಿವಿಯೊಂದು ಹರಿದಿತ್ತು.
ಹುಲಿಗೆವ್ವ ಕೇಳಿದ್ದು ಒಂದೇ ಮಾತು:
ಹನ್ನೊಂದು ಸಾವಿರದ ಬಲಿ. ಯಾರ ಕೊಡ್ತೀರಿ?
ಬಲೆಗೆ ನಮ್ಮ ಕಡೆ ಬಲಿ ಎಂದೇ ಅನ್ನುವುದು.
ಗೊತ್ತಿದ್ದೂ ಹುಡುಗ ಬೆಚ್ಚಿಬಿದ್ದ.
ಎಂಟು ಕೊಟ್ಟ. ಬೋಟು ಮಾರಿದ. ಫೋನು ಎತ್ತುವುದಿಲ್ಲ.

ಈಗ ದಿನಾ ಮುಂಜಾನೆ
ನನ್ನ ಮುಷ್ಟಿಯನ್ನು ನಾನೇ ಹಿಚುಕಿ ಸಡಿಲ ಮಾಡಿ
ಆ ಕೆಂಪು ಸುರುಳಿ ತೊಡುತ್ತೇನೆ.
ಕಾಲೇಜು ಹುಡುಗರು ಕಿಚಾಯಿಸುತ್ತಾರೆ,
ಇಷ್ಟ್ ಹೌರ್ಗ ಹೊಂಟೀರಲ್ಲ ಚಾಚಾ,
ಕೈಗೆ ಬಳಿ ಹಾಕ್ಕೊಂಡೀರೇನು?
ಹೌದಪಾ, ಹಾಕ್ಕೊಂಡೀನಿ. ಮನಿಯಾರ ನಾ.

ಅಗೋ, ಬಲಕ್ಕೆ, ಹರಗೋಲು.
ಇನ್ನಷ್ಟು ನಿಧಾನ ಮಾಡುತ್ತೇನೆ,
ಅಲೆ ಅವಳನ್ನು ಮುಟ್ಟುವಷ್ಟರಲ್ಲಿ ಬರೀ ಸುಕ್ಕಾಗುವಂತೆ.
ಕೈ ಎತ್ತುತ್ತೇನೆ.
ಹುಲಿಗೆವ್ವನೂ ಎತ್ತುತ್ತಾಳೆ,
ಮೂರು ಬೆರಳು.