ಗೋಡೆಯ ಕಪ್ಪು

ರೇ ರೋಡಿನ ಹಿಂದೆ, ಬಂದರಿನ ಕಡೆ
ಹಳಿಗಳಿದ್ದವು. ಈಗ ಟ್ರಕ್ಕುಗಳು ಮಲಗುತ್ತವೆ.
ಸ್ಟೇಷನ್ನೇನಲ್ಲ, ತಗಡಿನ ಒಂದು ಕೋಣೆ,
ತಕ್ಕಡಿ, ಮೂಗಿನಲ್ಲೇ ಮಾತಾಡುವ ತಾಂಡೇಲ ಮಾಸ್ತರ.

ತಿರುವಿನಲ್ಲಿ ವ್ಯಾಗನ್ನು ಕುಲುಕಿ ಉದುರಿದ ಕಲ್ಲಿದ್ದಲು
ಯಾರದು? ರೇಲ್ವೆಯದು, ಅನ್ನುತ್ತಿದ್ದ ಅವನು.
ನೆಲಕ್ಕ ಬಿದ್ದದ್ದು ನೆಲದ್ದು, ಅನ್ನುತ್ತಿದ್ದಳು
ಅಫಜಲಪುರದ ನಮ್ಮವ್ವ, ಸೆರಗಿನ ಗಂಟು ಬಿಗಿಯುತ್ತ.
ಅವನ ಚಹಾದ ಒಲೆಗೂ ಅದೇ ಉರಿಯುತ್ತಿತ್ತು.
ಆ ಮಾತು ಇಬ್ಬರೂ ಎತ್ತಲಿಲ್ಲ.

ನಾನು ಎಣಿಸುತ್ತಿದ್ದೆ:
ಹದಿನೇಳು ಡಬ್ಬಿ, ಕೊನೆಗೆ ಗಾರ್ಡಿನ ಕೆಂಪು ದೀಪ.
ಒಂದು ವರ್ಷ ಹದಿನಾಲ್ಕು. ಆಮೇಲೆ ಒಂಬತ್ತು.
ಆಮೇಲೆ ಬರೇ ಎಂಜಿನ್ನು ಬಂತು,
ಏನೋ ಮರೆತಂತೆ ನಿಂತು
ಹಿಂದಕ್ಕೇ ಹೋಯಿತು.

ಹಳಿ ಕಿತ್ತವರು ತಕ್ಕಡಿಯನ್ನೂ ಒಯ್ದರು.
ಉಳಿದದ್ದು ಈ ಗೋಡೆ, ಎದೆಮಟ್ಟದ ಕಪ್ಪು ಗೆರೆ:
ರಾಶಿ ಅಲ್ಲಿಯವರೆಗೆ ಬರುತ್ತಿತ್ತು.
ಗ್ಯಾರೇಜಿನ ಮುನೀರ ವರ್ಷಕ್ಕೊಮ್ಮೆ ಸುಣ್ಣ ಬಳಿಯುತ್ತಾನೆ;
ಮಳೆ ಹಿಡಿದರೆ ಮತ್ತೆ ಮೂಡುತ್ತದೆ.

ಅವ್ವನನ್ನು ಕರೆತಂದು ತೋರಿಸಿದೆ.
ಬೆರಳಿಂದ ಒರೆಸಿದಳು, ಮೂಸಿದಳು.
"ಇದು ಛಲೋ ಮಾಲ ಅಲ್ಲ," ಅಂದಳು,
"ಬರೇ ಹೊಗಿ."