ನಿಧಿ

ಬಾಗದ ಗೇಟಿಗೆ ಕಾಗದ ಹಚ್ಯಾರ.
ಪ್ಲಾಸ್ಟಿಕ್ ಹೊದಿಸಿ, ಸುತಳಿ ಬಿಗಿದು,
ಪಾಲಿಕೆಯ ದುಂಡು ಶಿಕ್ಕಾ ಒತ್ತಿ.
ಓಣಿಗೆಲ್ಲ ಮರಾಠಿ ಓದಿ ಹೇಳಾಕಿ ನಾನ:
ಲೈಟ್ ಬಿಲ್ಲು, ಪಿಎಫ್ ಪಾಸ್‌ಬುಕ್ಕು,
ಒಮ್ಮೆ ಕಾಶೀಬಾಯಿಯ ಗಂಡ
ದಿಂಬಿನ ಕೆಳಗ ಬರೆದಿಟ್ಟು ಹೋದ ಚೀಟಿ.
ಇದನ್ನೂ ಓದಿದೆ. ಮನಿಗೆ ಬಂದು ಹೇಳಿದೆ:
"ನಿಧಿ ಇಲ್ಲದ್ದಕ್ಕ ಉದ್ಯಾನ ಬಂದ್.
ಮುಂದಿನ ಆದೇಶದ ತನಕ."

ಶೇವಂತವ್ವ ಆಯಿಯ ಕತ್ತರಿ
ಎಲಿಯ ನಡುವ ನಿಂತಿತು.
"ನಿಧಿ ಇಲ್ಲಂತ? ಅಗದು ನೋಡಿದ್ರೇನು?
ಯಾವಾಗ? ಅಮಾಸಿ ರಾತ್ರಿ ಅಗದ್ರೇನು?
ಗಿಡದ ಬುಡಕ ಕುಂಕುಮ, ಕೊಯ್ದ ಲಿಂಬಿಹಣ್ಣು
ಏನರ ಬಿದ್ದಿತ್ತೇನು?"

ನಕ್ಕೆ ನಾನು. ಹಂಗಲ್ಲ ಆಯಿ,
ಅವರ ಮಾತಿನ್ಯಾಗ ನಿಧಿ ಅಂದ್ರ ರೊಕ್ಕ.
ಮಾಲಿಗೆ ಕೊಡಾಕ, ಧೋಂಡಿಬಾನ ಪಗಾರಕ್ಕ,
ಬೋರಿನ ಮೋಟಾರ ಸುಟ್ಟದ್ದಕ್ಕ,
ರೊಕ್ಕಿಲ್ಲ.

"ಹಂಗಂದ್ರ ರೊಕ್ಕಿಲ್ಲ ಅಂತ ಬರೀಲಿ," ಅಂದಳು,
"ನಿಧಿ ಇಲ್ಲಂತ ಯಾಕ ಸುಳ್ಳ ಬರೀತಾರ?"

ಬಾಗಂದ್ರ ಭಾಳ ದೊಡ್ಡದೇನಲ್ಲ.
ಜೋಕಾಲಿ ಎರಡು, ಒಂದಕ್ಕ ಹಲಗಿ ಇಲ್ಲ.
ನಾಕು ಬೇವಿನ ಗಿಡ.
ನೀರು ಕಾಣದ ಕಾರಂಜಿಯೊಳಗ
ಬಾಯಿ ತೆರೆದು ನಿಂತ ಸಿಮೆಂಟಿನ ಮೀನು.
ಸಂಜಿಗೆ ಸಾವಿರ ಬೀಡಿ ಎಣಿಸಿಕೊಟ್ಟು
ಖಾಲಿ ಬುಟ್ಟಿ ಬಗಲಾಗಿಟ್ಟು
ಅರ್ಧ ತಾಸು ಅಲ್ಲಿ ಕೂಡತಿದ್ವಿ.
ರಾಜೇಶ್ವರಿ ತೆಲುಗಿನ್ಯಾಗ ಬೈಯಾಕಿ,
ನಾವು ಕನ್ನಡದಾಗ ನಗಾವ್ರು.
ಬೆರಳಿಗೆ ಮಾತ್ರ ಗೊತ್ತಾಗತಿದ್ದಿಲ್ಲ ಸುಟ್ಟಿ ಆತಂತ,
ಉಡಿಯೊಳಗ ಇಲ್ಲದ ಎಲಿ ಸುತ್ತತಿದ್ದವು,
ಇಲ್ಲದ ದಾರ ಕಟ್ಟತಿದ್ದವು.

ನಮ್ಮ ಓಣ್ಯಾಗ ಮಣ್ಣಿಲ್ಲ.
ಹೊಸ್ತಿಲದಿಂದ ಗಟಾರದ ತನಕ ಸಿಮೆಂಟು.
ಹತ್ತು ಬೈ ಹತ್ತರ ಖೋಲಿ, ತುಳಸಿಯೂ ಡಬ್ಬಿಯೊಳಗ.
ಅದಕ್ಕ ಯಾವದರೆ ಬಾಣಂತಿ ಮನಿಯಿಂದ
ನಸುಕಿನ್ಯಾಗ ಒಬ್ಬ ಮುದುಕಿ ಹೊರಬಿದ್ರ
ಯಾರೂ ಎಲ್ಲಿಗಂತ ಕೇಳತಿದ್ದಿಲ್ಲ.
ಧೋಂಡಿಬಾ ಎರಡು ಕಟ್ಟು ಬೀಡಿ ಕಿಸೆಗೆ ಹಾಕಿ
ಗೇಟು ಸರಿಸಿ, ಆ ಕಡೆ ಮಾರಿ ಮಾಡಿ,
ಬರದ ಕೆಮ್ಮು ಕೆಮ್ಮಾಂವ.

ನನ್ನ ಹೊಕ್ಕಳಬಳ್ಳಿ ಮೂರನೇ ಬೇವಿನ ಕೆಳಗ.
ಅಣ್ಣಂದು ಮೀನಿನ ಬೆನ್ನಿಗೆ.
ರಾಜೇಶ್ವರಿಯ ಮೂವರದು, ಶಮೀಮಳ ಅವಳಿ ಹುಡುಗೂರದು,
ಬದುಕದೆ ಹೋದ ಒಂದರದೂ,
ಎಲ್ಲಿ ಎಲ್ಲಿ ಅಂತ ಆಯಿಗೆ ಬಾಯಿಪಾಠ.
ಗಣತಿಯಾಂವ ಬಂದು
"ನಿಮ್ಮ ಮೂಲ ಊರು ಯಾವದು? ಇಂಡಿ ಕಡೆಯೇನು?" ಅಂದಾಗ
"ಗೇಟಿನಿಂದ ಎಡಕ್ಕ, ಗಿಡ ಎಣಿಸಕೋತ ಹೋಗು" ಅಂದಿದ್ದಳು.
ಅಂವ ಏನು ಬರಕೊಂಡನೋ.

ಹೋದ ಮಂಗಳವಾರ ನನ್ನ ಕೂಸಿಂದು ಉದುರಿತು.
ಒಣಗಿದ್ದು, ಕರ್ರಗ, ಕಡ್ಡಿಯಂಥದು.
ಆಯಿ ಬುಟ್ಟಿಯೆಲ್ಲ ತಡಕಾಡಿ
ಕಲೆಯಿಲ್ಲದ ಎಳಿ ಎಲಿ ಒಂದು ಹುಡುಕಿದಳು.
ಸುತ್ತಿದಳು, ಮೂತಿ ಮಡಚಿದಳು, ಕೆಂಪು ದಾರ ಬಿಗಿದಳು.
ಐವತ್ತೆರಡು ವರ್ಷದಾಗ
ಕಂಪನಿಯಾಂವ ಛಾಟ ತಗೀಲಾರದಂಥ
ಒಂದೇ ಒಂದು ಬೀಡಿ.

ಧೋಂಡಿಬಾನ ಹತ್ರ ಕೀಲಿಕೈ ಇಲ್ಲ.
ಖಾಕಿ ಅಂಗಿ, ಬ್ಯಾಟರಿ, ಸೀಟಿ, ಕೀಲಿಕೈ
ಎಲ್ಲ ಆಫೀಸಿಗೆ ತಿರುಗಿ ಕೊಟ್ಟು ಸಹಿ ಮಾಡ್ಯಾನ.
ಆದರೂ ಬಂದ. ಹಳೇ ಚಟ,
ಆ ಕಡೆ ಮಾರಿ ಮಾಡಿ ನಿಂತ. ಈ ಸಲ ಕೆಮ್ಮು ಖರೇ.

ಆಯಿ ಗೇಟಿನ ಮುಂದ ನೆಲಕ್ಕ ಕುಂತಳು.
ಸಳಿಗಳ ನಡುವ ಮೊದಲು ಬೆರಳು, ಆಮೇಲೆ ಮೊಣಕೈ,
ಬಳಿ ಅಡ್ಡ ಬಂದವು, ತಗದಳು,
ಭುಜದ ತನಕ ಕೈ ಒಳಗ ಹಾಕಿ
ಎಲಿ ಕತ್ತರಿಯ ಚೂಪಿನಿಂದ
ಮುಟ್ಟಿದಷ್ಟು ದೂರದಾಗ ಅಗದಳು.
ನೀರು ಕಾಣದ ನೆಲ. ಭಾಳ ಹೊತ್ತು ಹಿಡೀತು.

ಇಟ್ಟು, ಮುಚ್ಚಿ, ಮುಟಗಿಯಿಂದ ಬಡಿದು,
ಕೈ ಹೊರಗ ತಗದಾಗ ಮಣ್ಣೋ ಮಣ್ಣು.
ನಳ ಬರೂದು ನಾಳಿಗೆ.
ಎದ್ರಿಗಿದ್ದ ಕಾಗದಕ್ಕ ಅಂಗೈ ಒರಸಿದಳು.
ಯಾವ ಅಕ್ಷರದ ಮ್ಯಾಲೆ ಅಂತ
ಆಕಿ ಕೇಳಲಿಲ್ಲ.
ನಾನೂ ಓದಿ ಹೇಳಲಿಲ್ಲ.