ಏಳೂಕಾಲರ ವ್ಯಾನು

ಫರ್ವಾನಿಯಾದ ಆಸ್ಪತ್ರೆ, ಹಿಂಬಾಗಿಲು.
ರಾತ್ರಿಪಾಳಿ ಮುಗಿಸಿದ ನಾವು ಹತ್ತು ಮಂದಿ
ನೆರಳಿಲ್ಲದ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆವು,
ತಿಂಗಳಿಗೆ ಹದಿನೈದು ದಿನಾರು ಕೊಡುವವರು.
ಆಕಾಶ ಧೂಳಿಗೆ ತಿರುಗಿ
ಹಳೆಯ ಬ್ಯಾಂಡೇಜಿನ ಬಣ್ಣ.

ಮೂರನೆಯ ದಿನವೂ ಇಪ್ಪತ್ತು ನಿಮಿಷ ತಡ.
ಮೂರನೆಯ ದಿನವೂ ಮೀರಾನ್ ಸಾಹೇಬರ ಪಕ್ಕದ ಸೀಟಿನಲ್ಲಿ ಹುಲಿಗೆಮ್ಮ,
ಕೊಪ್ಪಳದ ಹುಡುಗಿ, ಬಂದು ಐದು ತಿಂಗಳು,
ಜಾಬ್ರಿಯಾದಲ್ಲಿ ಹತ್ತುವವಳು, ನಮಗಿಂತ ಮೊದಲು.
ತಲೆ ಕಿಟಕಿಗೆ ಆನಿಸಿ, ದುಪಟ್ಟಾ ಬಾಯಿಗೆ ಒತ್ತಿ.
ವ್ಯಾನಿನೊಳಗೆ ನಿಂಬೆಸಿಪ್ಪೆಯ ವಾಸನೆ.

ನಾನು ಹಿರಿಯಳು. ಹತ್ತೊಂಬತ್ತು ವರ್ಷದ ಸರ್ವಿಸು, ಬೀದರಿನ ಬಾಯಿ.
ಬಾಗಿಲು ಪೂರ್ತಿ ಜಾರುವ ಮೊದಲೇ ಅಂದುಬಿಟ್ಟೆ:
"ಇಬ್ರೂ ಕೂಡಿ ಸಮುದ್ರ ನೋಡ್ಲಿಕ್ಕಿ ಹೋಗಿದ್ರೇನು?
ನಮ್ಮ ದಿನಾರು ವಾಪಸ್ ಕೊಡಬ್ಯಾಡ್ರಿ ಸಾಹೇಬ್ರ,
ಅದರಾಗ ಆಕಿಗೊಂದು ಬಂಗಾರದ ಬಳಿ ಮಾಡಸ್ರಿ."

ಯಾರೋ ನಕ್ಕರು. ಒಬ್ಬರು ನಕ್ಕರೆ ಸಾಕು,
ಮಾತಿಗೆ ಕಾಲು ಬರುತ್ತದೆ.
ನಾವು ಅಬ್ಬಾಸಿಯಾ ಮುಟ್ಟಿ ಲಿಫ್ಟಿಗೆ ಕಾಯುವಷ್ಟರಲ್ಲಿ
ಅದು ನಾಲ್ಕನೆಯ ಮಹಡಿಯ ಅಡುಗೆಮನೆಯಲ್ಲಿ
ಚಾಪೆ ಹಾಸಿ ಕೂತಿತ್ತು.

ಹನ್ನೊಂದು ದಿನದ ಮೇಲೆ ಸೀಟಿನಡಿಯಿಂದ
ನನ್ನ ಚಪ್ಪಲಿಗೆ ಉರುಳಿಬಂತು ಒಂದು ಡಬ್ಬಿ.
ಆ ಮಾತ್ರೆಯ ಹೆಸರು ಓದಬಲ್ಲವಳು ನಾನು.
ಎಷ್ಟು ದಿನ ನುಂಗಬೇಕು,
ಮೊದಲ ವಾರ ಹೊಟ್ಟೆ ಹೇಗೆ ತೊಳಸುತ್ತದೆ,
ದಾರಿಬದಿಯಲ್ಲಿ ಗಾಡಿ ನಿಲ್ಲಿಸಿ ಮುಖ ತಿರುಗಿಸಿಕೊಂಡು
ನೀರಿನ ಬಾಟಲಿ ಚಾಚುವವರು ಯಾಕೆ ಬೇಕಾಗುತ್ತಾರೆ,
ವೀಸಾದವರ ಕಿವಿಗೆ ಅದು ಯಾಕೆ ಬೀಳಬಾರದು.
ಇಷ್ಟೂ ಹೇಳಬಾರದಿತ್ತೇನೋ. ಉಳಿದದ್ದು ಅವಳದು.

ನಾಡಿ ಹಿಡಿಯದೆ ರೋಗ ಹೇಳಿದೆ,
ಅದೂ ಇಲ್ಲದ ರೋಗ.

ಆಮೇಲೆ ನಾಲ್ಕು ತಿಂಗಳು ಸುಮ್ಮನಿದ್ದೆ.
ಅವಳ ಕೊನೆಯ ಚೀಟಿ ಬರಲಿ, ಅವಳಿಗಾಗಿ ಕಾಯುತ್ತಿದ್ದೇನೆ
ಎಂದು ನನಗೆ ನಾನೇ ಹೇಳಿಕೊಂಡೆ.
ಒಬ್ಬಳೇ ಸಿಕ್ಕಾಗ ಕೈಹಿಡಿದು ಅತ್ತೆ. ಅದು ಸುಲಭ.
ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.
"ಅವತ್ತು ಭಾಳ ಮಂದಿ ಇದ್ರಲ್ಲಕ್ಕಾ" ಅಂದಳು, ಅಷ್ಟೇ.

ಇವತ್ತು ವ್ಯಾನಿನಲ್ಲಿ ಎದ್ದೆ.
ನೆಟ್ಟಗೆ ನಿಲ್ಲಲಾಗದು, ತಲೆ ತಾಗುತ್ತದೆ, ಬಗ್ಗಿಯೇ ಹೇಳಿದೆ:
"ಸಾಹೇಬ್ರಿಗೂ ಈಕಿಗೂ ನಾ ಅವತ್ತ ಅಂದಿದ್ದು ಸುಳ್ಳು.
ತಿಳೀದ ಅಂದೆ. ತಪ್ಪು ನಂದು."
"ಹಂಗಾರ ಯಾಕ ತಡ ಆಗಿತ್ತು?" ಹಿಂದಿನ ಸೀಟಿನ ಸುವಾರ್ತಾ.
ಅದನ್ನು ಹೇಳುವಂತಿಲ್ಲ.
ಆರೋಪಕ್ಕೆ ಯಾರೂ ಕೇಳದಿದ್ದ ಸಾಕ್ಷಿ
ಕ್ಷಮೆಗೆ ಬೇಕಂತೆ.

ಹತ್ತರಲ್ಲಿ ಮೂವರು ಈಗಿಲ್ಲ.
ಒಬ್ಬಳು ಐರ್ಲೆಂಡಿಗೆ, ಒಬ್ಬಳು ಬಾಣಂತನಕ್ಕೆ,
ಒಬ್ಬಳು ಎರಡು ದಿನಾರು ಕಡಿಮೆಯ ಬೇರೆ ವ್ಯಾನಿಗೆ.
ನನ್ನ ಮಾತು ಅವರ ಸಾಮಾನಿನ ಜೊತೆ ಹೋಗಿದೆ.
ಹೊಸದಾಗಿ ಬಂದ ಇಬ್ಬರು ಮುಖಮುಖ ನೋಡಿದರು:
"ಏನಂದಿದ್ರಿ ಅಕ್ಕಾ?"
ಕ್ಷಮೆ ಕೇಳಬೇಕಾದರೆ ಅದನ್ನೇ ಇನ್ನೊಮ್ಮೆ ಆಡಬೇಕು.
ಆಡಲಿಲ್ಲ. ಕೂತೆ.

ಮೀರಾನ್ ಸಾಹೇಬರು ಕನ್ನಡಿಯಲ್ಲಿ ಒಮ್ಮೆ ನೋಡಿದರು.
"ಬೆಲ್ಟ್ ಹಾಕ್ಕೊಳ್ಳಿ ಸಿಸ್ಟರ್, ಮುಂದೆ ಕ್ಯಾಮೆರಾ ಉಂಟು."

ಹುಲಿಗೆಮ್ಮ ತಿರುಗಲಿಲ್ಲ.
ಎಸಿ ಓಡುತ್ತಿದ್ದರೂ ಗಾಜು ಇಳಿಸಿದಳು.
ಬಿಸಿಗಾಳಿ, ಧೂಳು, ಎಲ್ಲ ಒಳಗೆ ಬಂತು.
ಯಾರೂ ಮುಚ್ಚು ಅನ್ನಲಿಲ್ಲ.